ಹನ್ನೊಂದು ಮಂದಿಗೆ ಮಾರಿದ ನಡಿಗೆ

ದತ್ತುವಿಗೆ ನಾಚಿಕೆ ಇರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಬೇಕಾದಷ್ಟಿತ್ತು. ಆದರೆ ನಾಚಬೇಕಾದ ಕಡೆ ಅದು ಸುಳಿಯುತ್ತಿರಲಿಲ್ಲ, ನಾಚಬಾರದ ಕಡೆ ಗಟ್ಟಿಯಾಗಿ ಕಾಲು ಚಾಚಿ ಕೂತಿತ್ತು. ಅವನ ತಾಯಿ ಅವ್ವಮ್ಮ ಪುಣೆಯ ಮಗರಪಟ್ಟಾದ ಅಷ್ಟೆತ್ತರದ ಕಟ್ಟಡಗಳಿಗೆ ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ ಹೊತ್ತವಳು. ಈ ಮಾತು ಅವನ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ "ತಾಯಿ ಮನೆಯಲ್ಲೇ ಇರ್ತಾರೆ" ಎನ್ನುತ್ತಿದ್ದ. ಸುಳ್ಳೇನಲ್ಲ, ಸಂಜೆ ಆರರ ಮೇಲೆ ಅವಳು ಮನೆಯಲ್ಲೇ ಇರುತ್ತಿದ್ದಳು.

ಅಫಜಲಪುರದ ಕಡೆಯಿಂದ ಗಾರೆ ಕೆಲಸಕ್ಕೆಂದು ಪುಣೆಗೆ ಬಂದ ಜನ ಅವರು. ಐದು ಹೆತ್ತು ನಾಲ್ಕನ್ನು ಕಳೆದುಕೊಂಡ ಅವ್ವಮ್ಮನಿಗೆ ಉಳಿದದ್ದು ದತ್ತು ಒಬ್ಬನೇ. ಅವನಿಗೆ ಎಂಟು ವರ್ಷವಾಗಿದ್ದಾಗ, ತೊಂಬತ್ತರ ಮಳೆಗಾಲದ ಆರಂಭದಲ್ಲಿ, ಹಡಪಸರದ ಒಂದು ಕಟ್ಟಡದ ಎರಡನೆಯ ಸ್ಲ್ಯಾಬಿನಿಂದ ಕೆಳಗೆ ಬಿದ್ದ. ಮೂರು ದಿನ ಕಣ್ಣು ತೆರೆಯಲಿಲ್ಲ. ಆ ಮೂರನೆಯ ದಿನ ಜ್ಞಾನೇಶ್ವರರ ಪಲ್ಲಕ್ಕಿ ಆಳಂದಿಯಿಂದ ಪಂಢರಪುರಕ್ಕೆ ಹೊರಟು ಹಡಪಸರದ ದಾರಿಯಲ್ಲಿ ಸಾಗುತ್ತಿತ್ತು. ಅವ್ವಮ್ಮ ಆಸ್ಪತ್ರೆಯಿಂದ ಓಡಿ ಬಂದು, ಭಜನೆ ಹಾಡುತ್ತ ನಡೆಯುವ ಭಕ್ತರ ತಂಡ, ಕೈಗೆ ಸಿಕ್ಕ ದಿಂಡಿಯೊಂದರ ಮುಂದೆ ಅಡ್ಡಬಿದ್ದಳು. ವೀಣೆ ಹಿಡಿದು ನಡೆಯುತ್ತಿದ್ದ ಪಂಢರಿನಾಥನೆಂಬಾತ ಅಕ್ಕಲಕೋಟೆಯವನು, ಕನ್ನಡ ಬಲ್ಲವನು. ಅವನ ಮುಂದೆಯೇ ಅವಳು ಹರಕೆ ಹೊತ್ತಳು: ಈ ಕೂಸು ಉಳಿದರೆ, ಕಾಲಿನಲ್ಲಿ ಜೀವ ಇರುವ ತನಕ ವರ್ಷಾ ವರ್ಷ ಇವನ ಹೆಸರಿನಲ್ಲಿ ಪಂಢರಪುರದ ತನಕ ವಾರಿ ನಡೆಯುತ್ತೇನೆ.

ಕೂಸು ಉಳಿಯಿತು. ಅವನನ್ನು ಗಂಡನ ಕೈಗೆ ಒಪ್ಪಿಸಿ, ಹಿಂದಿನಿಂದ ಹೋಗಿ ದಿಂಡಿ ಸೇರಿ, ಅವ್ವಮ್ಮ ಅದೇ ವರ್ಷ ನಡೆದಳು. ಪಂಢರಪುರದಲ್ಲಿ ಪಂಢರಿನಾಥ ಅವಳ ಕೊರಳಿಗೆ ತುಳಸಿ ಮಾಲೆ ಹಾಕಿದ. ಮಾಲೆ ಹಾಕಿಕೊಂಡವರಿಗೆ ಕಟ್ಟಳೆಗಳಿವೆ, ಮಾಂಸ ತಿನ್ನಬಾರದು, ಹೆಂಡ ಮುಟ್ಟಬಾರದು, ಸುಳ್ಳು ಹೇಳಬಾರದು. ಮೊದಲ ಎರಡನ್ನು ಬಹಳ ಜನ ಪಾಲಿಸುತ್ತಾರೆ. ಮೂರನೆಯದನ್ನೂ ಪಾಲಿಸುವ ಹುಚ್ಚು ಅವ್ವಮ್ಮನದು. ಮೇಸ್ತ್ರಿ ಬಂದು "ಯಾರು ತಡವಾಗಿ ಬಂದವರು?" ಎಂದರೆ ಮೊದಲು ಅವಳೇ ಕೈ ಎತ್ತುತ್ತಿದ್ದಳು. ಗಂಡ ಅಂಬಣ್ಣ ಬದುಕಿದ್ದಾಗ "ಈಕಿ ಕೊರಳಾಗಿನ ಮಾಲಿ ನಮ್ಮ ಕೂಲಿ ತಿಂತದ" ಎಂದು ಗೊಣಗುತ್ತಿದ್ದ. ಅಂಬಣ್ಣ ಹೋದ, ಮಾಲೆ ಉಳಿಯಿತು. ಪ್ರತಿ ಆಷಾಢದಲ್ಲಿ ಮೂರು ವಾರದ ಕೂಲಿ ಬಿಟ್ಟು ಅವಳು ನಡೆದಳು, ಪ್ರತಿ ಮುಂಜಾನೆ ಹೆಜ್ಜೆ ಇಡುವ ಮೊದಲು "ನನ್ನ ದತ್ತು" ಎಂದಳು. ಇದೆಲ್ಲ ದತ್ತುವಿಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಈ ಕತೆಯನ್ನು ಹೇಳುವ ಕೆಲಸವೇ ಇರುತ್ತಿರಲಿಲ್ಲ.

ಅವನ ಆಫೀಸು ಇದ್ದದ್ದು ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ, ಒಂದು ಉಡುಪಿ ಹೋಟೆಲಿನ ಮಾಳಿಗೆಯ ಮೇಲೆ. ಹೋಟೆಲು ರಘುರಾಮನ ಅಪ್ಪನದು. ಗಲ್ಲಾದಲ್ಲಿ ಕೂತು ಕೂಪನ್ನು ಹರಿಯುವುದು ತನ್ನ ಹಣೆಯಲ್ಲಿ ಬರೆದಿಲ್ಲ ಎಂದು ತೀರ್ಮಾನಿಸಿದ್ದ ರಘುರಾಮ, ಎರಡು ಸಾವಿರದ ಎರಡರಲ್ಲಿ ಮೇಲಿನ ಉಗ್ರಾಣ ಖಾಲಿ ಮಾಡಿಸಿ ನಾಲ್ಕು ಕಂಪ್ಯೂಟರ್ ಇಟ್ಟ. ಪುಣೆ ಬಿಟ್ಟು ಅಮೆರಿಕ, ದುಬೈ ಸೇರಿದವರಿಗೆ ಪುಣೆಯನ್ನೇ ಮಾರುವ ವೆಬ್‌ಸೈಟು ಅದು. ಬಿ.ಕಾಂ. ಮುಗಿಸಿ ಕಂಪ್ಯೂಟರ್ ಕ್ಲಾಸು ಮಾಡಿದ್ದ ದತ್ತು ಮೊದಲು ಪಾರ್ಸಲ್ ಕಟ್ಟಲು ಸೇರಿದ. ಎರಡೇ ವರ್ಷದಲ್ಲಿ ಸೈಟಿಗೆ ಏನು ಬರೆಯಬೇಕು, ಯಾವ ಚಿತ್ರ ಹಾಕಬೇಕು ಎನ್ನುವುದೆಲ್ಲ ಅವನ ಕೈಗೆ ಬಂತು.

ರಘುರಾಮನಿಗೆ ಪಾಠ ಹೇಳುವ ಚಟ. ಗೋಡೆಯ ಬಿಳಿ ಬೋರ್ಡಿನ ಮೇಲೆ ಅವನು ಮೂರು ಗೆರೆ ಎಳೆದಿದ್ದ.

"ನೋಡು ಮಾರಾಯ, ಆನ್‌ಲೈನಿನಲ್ಲಿ ಮಾರುವುದು ಮೂರೇ ಬಗೆ. ಒಂದು, ಡಬ್ಬಿಗೆ ಹಾಕಿ ಕಳಿಸುವಂಥದ್ದು. ಚಕ್ಕುಲಿ, ಸೀರೆ, ಗಣಪತಿ. ಅದರಲ್ಲಿ ತಲೆಬಿಸಿ ಜಾಸ್ತಿ. ಚಕ್ಕುಲಿ ಹೋಗ್ತದೆ, ಅಲ್ಲಿ ಹುಡಿ ತಲುಪ್ತದೆ. ಎರಡು, ತಂತಿಯಲ್ಲೇ ಹೋಗುವಂಥದ್ದು. ಜಾತಕ, ರಿಂಗ್‌ಟೋನು, ಅಡುಗೆ ಪುಸ್ತಕ. ಒಂದು ಸಲ ಮಾಡಿದ್ರೆ ಆಯ್ತು, ಸಾವಿರ ಮಂದಿಗೆ ಮಾರು, ಸವೆಯುವುದೇ ಇಲ್ಲ. ಮೂರು, ಸೇವೆ. ಇಲ್ಲಿಂದ ಒಬ್ಬ ಮನುಷ್ಯ ಎದ್ದು ಹೋಗಿ ಮಾಡಬೇಕು. ಅವರ ಅಪ್ಪನನ್ನು ಡಾಕ್ಟರ ಹತ್ತಿರ ಕರ್ಕೊಂಡು ಹೋಗುವುದು, ಕರೆಂಟ್ ಬಿಲ್ಲು ಕಟ್ಟುವುದು. ಅದರಲ್ಲಿ ಕಷ್ಟ ಎಂತ ಗೊತ್ತುಂಟಾ? ಒಬ್ಬನ ಒಂದು ದಿನ ಒಬ್ಬರಿಗೇ ಮುಗೀತದೆ."

ಎರಡು ಸಾವಿರದ ಐದರ ಬೇಸಿಗೆಯಲ್ಲಿ ಹ್ಯೂಸ್ಟನ್ನಿನಿಂದ ಒಬ್ಬರ ಮೇಲ್ ಬಂತು. ತನ್ನ ಅಜ್ಜ ವಾರಿ ನಡೆಯುತ್ತಿದ್ದರು, ತನಗೆ ಆಗುವುದಿಲ್ಲ, ತನ್ನ ಪರವಾಗಿ ನಡೆಯುವವರು ಯಾರಾದರೂ ಸಿಕ್ಕಾರೆಯೇ ಎಂದು ಕೇಳಿದ್ದರು. ರಘುರಾಮ ಅದನ್ನು ಎಲ್ಲರಿಗೂ ಕೇಳುವಂತೆ ಓದಿ, "ಯಾರಿಗಾದರೂ ಯಾರಾದರೂ ಗೊತ್ತುಂಟಾ?" ಎಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದತ್ತು ಆಡಿಬಿಟ್ಟ.

"ಇದ್ದಾರೆ ಸರ್. ನಮ್ಮ ಕಡೆಯ ಒಬ್ಬ ಹೆಂಗಸು. ಪ್ರತಿ ವರ್ಷ ನಡೀತಾಳೆ."

"ನಮ್ಮ ಅವ್ವ" ಎನ್ನಲು ಇದಕ್ಕಿಂತ ಕಡಿಮೆ ಉಸಿರು ಸಾಕಾಗುತ್ತಿತ್ತು. ಆದರೆ ಅವ್ವ ಎಂದರೆ ಮುಂದಿನ ಪ್ರಶ್ನೆ ಏಳುತ್ತದೆ, ಏನು ಮಾಡುತ್ತಾರೆ, ಎಲ್ಲಿರುತ್ತಾರೆ, ಒಮ್ಮೆ ಕರೆದುಕೊಂಡು ಬಾ. ಅವನಿಗೆ ಅದು ಬೇಡವಾಗಿತ್ತು. ಆ ಕ್ಷಣದಿಂದ ಅವ್ವಮ್ಮ ಕ್ಯಾಂಪಿನ ಆಫೀಸಿನಲ್ಲಿ "ನಮ್ಮ ಕಡೆಯ ಒಬ್ಬ ಹೆಂಗಸು" ಆದಳು.

"ನಿಮ್ಮ ಹೆಸರಿನಲ್ಲಿ ಒಂದು ವಾರಿ" ಎಂಬ ಪುಟವನ್ನು ಅವನೇ ಬರೆದ. ಬರೆಯುವುದರಲ್ಲಿ ಜಾಣ. ಆ ವರ್ಷ ಆಫೀಸಿನ ಕ್ಯಾಮೆರಾ ತೆಗೆದುಕೊಂಡು ದಿವೆ ಘಾಟಿಗೆ ಹೋದ; ಸಾಸವಡಕ್ಕೆ ಹತ್ತುವ ಆ ಘಾಟಿಯ ತಿರುವಿನಲ್ಲಿ ನಿಂತರೆ ಹಿಂದೆ ಇಡೀ ದಾರಿಯ ತುಂಬ ಜನ ಕಾಣುತ್ತಾರೆ. ಮಗ ತನ್ನನ್ನು ನೋಡಲು ವಾರಿಯ ದಾರಿಗೆ ಬಂದದ್ದು ಅದೇ ಮೊದಲು. ಅವ್ವಮ್ಮ ತಲೆಯ ಮೇಲೆ ಹೊತ್ತ ಪುಟ್ಟ ತುಳಸಿ ಕಟ್ಟೆಯನ್ನು ನೆಟ್ಟಗೆ ಮಾಡಿಕೊಂಡು, ಸೆರಗು ಸರಿಪಡಿಸಿಕೊಂಡು, ಹಲ್ಲು ಕಾಣದಂತೆ ಬಾಯಿ ಬಿಗಿದು ನಿಂತಳು. "ನನ್ನ ಮಗ ರೀ, ಫೋಟೊ ತೆಗಿಲಕ್ಕ ಬಂದಾನ" ಎಂದು ಪಂಢರಿನಾಥನಿಗೆ ಎರಡು ಸಲ ಹೇಳಿದಳು.

ಆ ಫೋಟೊ ಮೊದಲು ಹ್ಯೂಸ್ಟನ್ನಿಗೆ ಹೋಯಿತು. ಅಷ್ಟರಲ್ಲಿ ಇನ್ನೂ ಮೂವರು ದುಡ್ಡು ಕಟ್ಟಿದ್ದರು. ಬೇರೆ ಯಾರನ್ನು ಹುಡುಕುವುದು? ದತ್ತು ಅದೇ ಫೋಟೊದ ಕೆಳಗೆ ಬೇರೆ ಹೆಸರು ಹಾಕಿ ಕಳಿಸಿದ. ಹೆಸರು ಬದಲಾಯಿಸಲು ಅರ್ಧ ನಿಮಿಷ ಬೇಕಾಗುತ್ತಿತ್ತು. ರಘುರಾಮನ ಬೋರ್ಡಿನ ಮೂರನೆಯ ಸಾಲಿನ ಸರಕು ಹೀಗೆ ಸದ್ದಿಲ್ಲದೆ ಎರಡನೆಯ ಸಾಲಿಗೆ ಜಾರಿತು. ಅವ್ವನ ನಡಿಗೆ ರಿಂಗ್‌ಟೋನಾಯಿತು, ಎಷ್ಟು ಮಂದಿಗೆ ಮಾರಿದರೂ ಸವೆಯುವುದಿಲ್ಲ. ಮರುವರ್ಷ ಏಳು ಮಂದಿ ಕೊಂಡರು. ನಡೆಯುವವಳ ಪಾಲೆಂದು ರಘುರಾಮ ಕೊಟ್ಟದ್ದು ದತ್ತುವಿನ ಕೈಗೇ ಬರುತ್ತಿತ್ತು. ಅದರಲ್ಲಿ ಅವನು ಮನೆಗೊಂದು ಮಿಕ್ಸರ್ ತಂದ. ಬೋನಸ್ಸು ಎಂದ. ಅವ್ವಮ್ಮ ವಠಾರದ ಹೆಂಗಸರನ್ನು ಕರೆದು ಅದರಲ್ಲಿ ಶೇಂಗಾ ಪುಡಿ ಮಾಡಿ ತೋರಿಸಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಾಗ ಅದಕ್ಕೆ ಎಷ್ಟು ನೆಮ್ಮದಿ ಇರುತ್ತದೋ ದತ್ತುವಿಗೂ ಅಷ್ಟು ನೆಮ್ಮದಿ ಇತ್ತು.

ಎರಡು ಸಾವಿರದ ಏಳರ ಸಂಕ್ರಾಂತಿಯ ಹೊತ್ತಿಗೆ ಜ್ಯೋತ್ಸ್ನಾ ಎಂಬವಳ ಫೋನು ಬಂತು. ನ್ಯೂಜೆರ್ಸಿಯಲ್ಲಿರುವವಳು, ಹುಟ್ಟಿ ಬೆಳೆದದ್ದು ಕ್ಯಾಂಪಿನಲ್ಲೇ, ರಘುರಾಮನ ಜನದವಳೇ. ಹಿಂದಿನ ವರ್ಷ ತನ್ನ ತಾಯಿ ಉಮಾವತಿಯ ಹೆಸರಿನಲ್ಲಿ ವಾರಿ ಕೊಂಡಿದ್ದಳು. ತಾಯಿ ನವೆಂಬರಿನಲ್ಲಿ ತೀರಿಕೊಂಡಿದ್ದರು. ಈಗ ಪುಣೆಗೆ ಬಂದಿದ್ದಾಳೆ. ನಡೆದ ಆ ಹೆಂಗಸನ್ನು ಒಮ್ಮೆ ನೋಡಬೇಕು, ಸೀರೆ ಉಡಿಸಬೇಕು.

"ಶನಿವಾರ ಕರ್ಕೊಂಡು ಬಾ ಅವಳನ್ನು. ಫೋಟೊ ಹೊಡೆದು ಸೈಟಿಗೆ ಹಾಕುವ" ಎಂದ ರಘುರಾಮ.

ದತ್ತು ಮೂರು ದಿನ ನೆಪ ಹುಡುಕಿದ. ಆಕೆ ಊರಿಗೆ ಹೋಗಿದ್ದಾಳೆ ಎಂದು ನೋಡಿದ. "ಯಾವಾಗ ಬರ್ತಾಳೆ, ನಾನು ಹದಿನೈದು ದಿನ ಇರ್ತೇನೆ" ಎಂದಳು ಜ್ಯೋತ್ಸ್ನಾ. ಬೇರೆ ಯಾರನ್ನಾದರೂ ಕರೆದೊಯ್ಯೋಣ ಎಂದರೆ ಫೋಟೊದಲ್ಲಿದ್ದ ಮುಖ ಅವ್ವನದು. ಕೊನೆಗೆ ಶುಕ್ರವಾರ ಊಟಕ್ಕೆ ಕೂತಾಗ ತಟ್ಟೆ ನೋಡುತ್ತ ಹೇಳಿದ.

"ಯವ್ವ, ನಾಳೆ ನಮ್ಮ ಆಫೀಸಿಗಿ ಬರಬೇಕು. ಗಿರಾಕಿ ಒಬ್ಬಾಕಿ ವಾರಿ ಮಾಡೋರಿಗಿ ಸೀರಿ ಕೊಡತಾಳಂತ."

"ನನಗ್ಯಾಕೊ ಸೀರಿ?"

"ಪುಣ್ಯ ಅಂತಾರಲ್ಲ, ಅದಕ್ಕ. ಅವರೇನರ ಕೇಳಿದ್ರ ಹೂಂ ಅನ್ನು, ಸಾಕು."

ಕೊನೆಯ ಮಾತನ್ನು ಅವಳು ಕೇಳಿಸಿಕೊಳ್ಳಲಿಲ್ಲ. ಮಗನ ಆಫೀಸು ನೋಡುವ ಸಂಭ್ರಮ ಅವಳಿಗೆ. ನಾಲ್ಕು ವರ್ಷದಿಂದ ಕೇಳಿದಾಗಲೆಲ್ಲ ದತ್ತು, ಬಣ್ಣ ಹೊಡೆಯುತ್ತಿದ್ದಾರೆ, ಸಾಹೇಬರು ಊರಲ್ಲಿಲ್ಲ ಎಂದು ಏನಾದರೊಂದು ಹೇಳಿ ತಪ್ಪಿಸುತ್ತಿದ್ದ. ನಸುಕಿನಲ್ಲೇ ಎದ್ದು ಹತ್ತು ಸಜ್ಜೆ ರೊಟ್ಟಿ ಬಡಿದಳು, ಮಿಕ್ಸರಿನಲ್ಲಿ ಶೇಂಗಾ ಹಿಂಡಿ ಮಾಡಿದಳು, ಸಾಹೇಬರಿಗೆ ಎಂದು ಬಿಳಿ ಅರಿವೆಯಲ್ಲಿ ಗಂಟು ಕಟ್ಟಿದಳು. ಪಂಢರಪುರಕ್ಕೆ ಮಾತ್ರ ಉಡುವ ಹಸಿರು ಇಳಕಲ್ಲು ಸೀರೆ ಉಟ್ಟಳು.

ದಾರಿಯುದ್ದಕ್ಕೂ ಬಸ್ಸಿನಲ್ಲಿ ದತ್ತು ಅವಳಿಗೆ ನಿಜ ಹೇಳಬೇಕೆಂದುಕೊಂಡ. ಪೂಲ್‌ಗೇಟು ನಿಲ್ದಾಣ ಬಂತು, ಇಳಿದರು. ಮೆಟ್ಟಿಲ ಹತ್ತಿರ ಹೇಳೋಣ ಎಂದುಕೊಂಡ. ಮೆಟ್ಟಿಲೂ ಮುಗಿಯಿತು.

ಮಾಳಿಗೆಯಲ್ಲಿ ರಘುರಾಮ, ಜ್ಯೋತ್ಸ್ನಾ, ಇಬ್ಬರು ಕೆಲಸದವರು ಕಾಯುತ್ತಿದ್ದರು. ಅವ್ವಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಕಂಪ್ಯೂಟರುಗಳನ್ನೂ ಕುರ್ಚಿಗಳನ್ನೂ ಗೋಡೆಯ ಬೋರ್ಡನ್ನೂ ನೋಡಿದಳು. ಮುಖ ಅರಳಿತು. ಇದರಲ್ಲಿ ಮಗನ ಕುರ್ಚಿ ಯಾವುದು ಎಂದು ಕೇಳಲು ಅವನ ಕಡೆ ತಿರುಗಿದಳು.

"ಬರ್ರಿ ಮಾವಶಿ, ಇಲ್ಲಿ ಕೂಡ್ರಿ" ಎಂದ ದತ್ತು.

ಮಾವಶಿ. ಪುಣೆಯಲ್ಲಿ ಕಸ ಗುಡಿಸುವವಳಿಗೆ, ಪಾತ್ರೆ ತಿಕ್ಕುವವಳಿಗೆ, ಹೆಸರು ಕೇಳುವ ತೊಂದರೆ ತೆಗೆದುಕೊಳ್ಳದೆ ಎಲ್ಲರೂ ಕರೆಯುವ ಹೆಸರು. ಮಗರಪಟ್ಟಾದಲ್ಲಿ ಅವಳನ್ನು ದಿನಕ್ಕೆ ನೂರು ಸಲ ಹಾಗೆ ಕರೆಯುತ್ತಿದ್ದರು, ಅವಳು ಓಗೊಡುತ್ತಿದ್ದಳು. ಈಗ ಮಾತ್ರ ಯಾರನ್ನು ಕರೆದನೆಂದು ಒಂದು ಕ್ಷಣ ತಿಳಿಯಲಿಲ್ಲ. ಹಿಂದೆ ಬೇರೆ ಯಾರಾದರೂ ಬಂದರೇನೋ ಎಂದು ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಆಮೇಲೆ ಮಗನ ಮುಖ ನೋಡಿದಳು. ಅವನು ಅವಳ ಕಾಲ ಬಳಿಯ ನೆಲವನ್ನು ನೋಡುತ್ತಿದ್ದ.

"ಹೂಂ ರೀ, ಸಾಹೇಬ್ರ" ಎಂದು ಅವ್ವಮ್ಮ ಕುರ್ಚಿಯ ತುದಿಯಲ್ಲಿ ಕೂತಳು. ರೊಟ್ಟಿಯ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡಳು.

ದತ್ತುವಿಗೆ ಆಗ ಮೊದಲ ಸಲ, ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ, ಸರಿಯಾದ ಜಾಗದಲ್ಲಿ ನಾಚಿಕೆಯಾಯಿತು. ಈಗಲಾದರೂ ಬಾಯಿಬಿಡಬಹುದಿತ್ತು. ಬಿಡಲಿಲ್ಲ.

ಜ್ಯೋತ್ಸ್ನಾ ಎದ್ದು ಬಂದು ಅವ್ವಮ್ಮನ ಪಾದ ಮುಟ್ಟಿದಳು. ಬಿರಿದ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಗೇ ನೆಲದ ಮೇಲೆ ಕೂತು ಅತ್ತಳು. ಆಮೇಲೆ ಬ್ಯಾಗಿನಿಂದ ಒಂದು ಕಾಗದ ತೆಗೆದಳು. ಪ್ರಿಂಟು ಹಾಕಿದ ಆ ಫೋಟೊ. ಅಂಚು ಮಾಸಿತ್ತು, ಮಧ್ಯದಲ್ಲಿ ಮಡಿಕೆ ಬಿದ್ದಿತ್ತು. ಅದರ ಜೊತೆಗೆ ಇನ್ನೊಂದು ಫೋಟೊ, ಹಾಸಿಗೆಯಲ್ಲಿ ಮಲಗಿದ ಮುದುಕಿಯದು. ಮುದುಕಿಯ ಕೈಯಲ್ಲಿ ಅದೇ ಕಾಗದ.

"ಇವರು ನನ್ನ ಅಮ್ಮ, ಉಮಾವತಿ" ಎಂದಳು ಜ್ಯೋತ್ಸ್ನಾ. "ಮದುವೆಯಾಗಿ ಬಂದವರು ನಲವತ್ತೈದು ವರ್ಷ ನಮ್ಮ ಹೋಟೆಲಿನ ಅಡುಗೆಮನೆಯಲ್ಲೇ ಇದ್ರು. ಪಲ್ಲಕ್ಕಿ ಬರುವ ದಿನ ಮಾಳಿಗೆಯ ಕಿಟಕಿಯಲ್ಲಿ ನಿಲ್ತಿದ್ರು. ಒಂದು ವರ್ಷವಾದರೂ ನಡೀಬೇಕು ಅಂತಿದ್ರು. ಪಲ್ಲಕ್ಕಿಯ ದಿನವೇ ಹೋಟೆಲಿಗೆ ಜಾಸ್ತಿ ಜನ, ಯಾರು ಬಿಡ್ತಾರೆ? ಆಮೇಲೆ ಕಾಲೇ ಹೋಯ್ತು. ಈ ಫೋಟೊ ಬಂದ ಮೇಲೆ ತಲೆದಿಂಬಿನ ಕೆಳಗೆ ಇಟ್ಕೊಂಡಿದ್ರು. ನೋಡಲು ಬಂದವರಿಗೆಲ್ಲ, ನಾನು ಈ ವರ್ಷ ನಡೆದೆ, ನನ್ನ ಬದಲಿಗೆ ಇವಳ ಕಾಲು ಅಷ್ಟೆ ಅಂತಿದ್ರು." ಕಣ್ಣು ಒರೆಸಿಕೊಂಡು ಕೇಳಿದಳು, "ದಾರಿಯಲ್ಲಿ ನೀವು ಅಮ್ಮನ ಹೆಸರು ಹೇಳ್ತಿದ್ರಾ?"

ಅವ್ವಮ್ಮನಿಗೆ ಓದಲು ಬಾರದು. ಆದರೆ ಫೋಟೊದಲ್ಲಿರುವುದು ತಾನು, ತೆಗೆದವನು ತನ್ನ ಮಗ, ಕೆಳಗಿರುವ ಅಕ್ಷರ ಬೇರೆ ಯಾರದೋ ಹೆಸರು, ಇಷ್ಟನ್ನು ತಿಳಿಯಲು ಸಾಲೆ ಕಲಿಯಬೇಕಾಗಿಲ್ಲ. ಅವಳು ಬಹಳ ಹೊತ್ತು ಹಾಸಿಗೆಯ ಮೇಲಿನ ಮುದುಕಿಯನ್ನು ನೋಡಿದಳು. ಆ ಹೊತ್ತಿನಲ್ಲಿ ದತ್ತು ತನ್ನ ಕೆಲಸ ಹೋಗುವುದನ್ನು ನೋಡಿದ, ಮರ್ಯಾದೆ ಹೋಗುವುದನ್ನು ನೋಡಿದ, ಏಕೆಂದರೆ ಅವಳ ಕೊರಳಲ್ಲಿ ಮಾಲೆ ಇತ್ತು ಮತ್ತು ಹದಿನೇಳು ವರ್ಷದಲ್ಲಿ ಅವಳು ಒಂದು ಸುಳ್ಳನ್ನೂ ಹೇಳಿರಲಿಲ್ಲ.

ಅವ್ವಮ್ಮನ ಬಲಗೈ ಮೇಲೆ ಬಂದು ಮಾಲೆಯನ್ನು ಸೆರಗಿನೊಳಗೆ ತಳ್ಳಿತು.

"ಹೇಳ್ತಿದ್ನವ್ವ" ಎಂದಳು. "ದಿನಾ ಮುಂಜಾನಿ ಹೇಳ್ತಿದ್ದೆ. ಉಮಾವತಿ, ಉಮಾವತಿ ಅಂತ."

ರಘುರಾಮ ಫೋಟೊ ಹೊಡೆದ. ಜ್ಯೋತ್ಸ್ನಾ ಸೀರೆ ಕೊಟ್ಟಳು, ಎಳ್ಳುಬೆಲ್ಲ ಕೊಟ್ಟಳು. ಹೊರಡುವಾಗ ಅವ್ವಮ್ಮ ರೊಟ್ಟಿಯ ಗಂಟನ್ನು ರಘುರಾಮನ ಮೇಜಿನ ಮೇಲಿಟ್ಟಳು. "ರೊಟ್ಟಿ ಅವ್ರಿ, ಶೇಂಗಾ ಹಿಂಡಿ ಅದ. ನಮ್ಮ ಹುಡುಗ—" ಎಂದವಳು ಅಲ್ಲೇ ನಿಲ್ಲಿಸಿ, "ನಮ್ಮ ಕಡಿ ಹುಡುಗ ಇಲ್ಲಿ ಕೆಲಸ ಮಾಡ್ತಾನಂತ ಕೇಳಿದ್ದೆ. ತಿನ್ರಿ" ಎಂದು ಮೆಟ್ಟಿಲಿಳಿದಳು.

ದತ್ತು ಸಂಜೆ ಮನೆಗೆ ಬರುವಾಗ ಬಾಗಿಲು ತೆರೆದೇ ಇತ್ತು. ಸೀರೆ ಪೊಟ್ಟಣದಲ್ಲೇ ಇತ್ತು. ಅವ್ವಮ್ಮ ಗೋಡೆಗೆ ಒರಗಿ ಕೂತಿದ್ದಳು. ಕೊರಳು ಬರಿದಾಗಿತ್ತು. ತುಳಸಿ ಮಾಲೆ ವಿಠ್ಠಲನ ಫೋಟೊದ ಮೊಳೆಗೆ ತೂಗುತ್ತಿತ್ತು. ಹದಿನೇಳು ವರ್ಷ ಮಾಲೆ ಇದ್ದ ಜಾಗದಲ್ಲಿ ಚರ್ಮ ಬೆಳ್ಳಗೆ ಒಂದು ಗೆರೆಯಾಗಿತ್ತು.

ಅವನು ಹೊಸ್ತಿಲಲ್ಲೇ ಕೂತ. ಹ್ಯೂಸ್ಟನ್ನಿನ ಮೇಲ್‌ನಿಂದ ಹಿಡಿದು ಎಲ್ಲ ಹೇಳಿದ. ಬಡಿದರೆ ಬಡಿಯಲಿ ಎಂದುಕೊಂಡಿದ್ದ. ಬಡಿದಿದ್ದರೆ ಅವನಿಗೆ ಒಳ್ಳೆಯದಿತ್ತು.

"ನನ್ನ ಸಲುವಾಗಿ ಸುಳ್ಳ ಹೇಳ್ದಿ ಯವ್ವ" ಎಂದ ಕೊನೆಗೆ.

"ನಿನ್ನ ಸಲುವಾಗಿ ಅಲ್ಲ. ಸತ್ತಾಕಿ ಮಾರಿ ನೋಡಿ ಹೇಳ್ದೆ. ನಿನ್ನ ಮಾರಿ ನೋಡಿದ್ರ ಖರೇ ಹೇಳ್ತಿದ್ದೆ." ಆಮೇಲೆ ಕೇಳಿದಳು, "ಎಷ್ಟ ಮಂದಿ ಹೆಸರಿಲೆ ಮಾರಿದಿ?"

"ಹನ್ನೊಂದು."

ಅವಳು ಬೆರಳ ಗೆಣ್ಣಿನ ಮೇಲೆ ಎಣಿಸಿದಳು. ಒಮ್ಮೆ ಎಣಿಸಿ ಮುಗಿಸಿ, ಮತ್ತೆ ಮೊದಲಿಂದ ಎಣಿಸಿದಳು.

"ಎಲ್ಲರಿಗೂ ಪತ್ರ ಬರದು ರೊಕ್ಕ ಹೊಳ್ಳಿ ಕೊಡ್ತೀನಿ. ಖರೇ ಹೇಳ್ತೀನಿ" ಎಂದ ದತ್ತು.

"ಬರೀ. ಇದ್ದವರಿಗಿ ಬರೀ. ಉಮಾವತಿಗಿ ಎಲ್ಲಿಗಿ ಬರೀತಿ?" ಅವ್ವಮ್ಮ ಎದ್ದು ದೀಪ ಹಚ್ಚಿದಳು. "ಒಂದು ನಡಿಗಿ ಒಬ್ಬರಿಗಿ ಅಷ್ಟೇ ಅದ ದತ್ತು. ಹನ್ನೊಂದು ಮಂದಿ ಕಾದಾರ. ಅರವತ್ತು ಆಗ್ಯಾವ ನನಗ. ನನ್ನ ಕಾಲಾಗ ಇನ್ನ ಎಷ್ಟು ವಾರಿ ಅವೋ ಗೊತ್ತಿಲ್ಲ, ಇದ್ದಷ್ಟು ನಡಿತೀನಿ. ಉಳದದ್ದು ನಿಂದು. ಎಲ್ಲಾ ಮುಗಿಯತನ ಮಾಲಿ ಅಲ್ಲೇ ಇರ್ಲಿ."

"ಮತ್ತ ನನ್ನ ಹರಕಿ?" ಎಂದು ಕೇಳಬೇಕೆನಿಸಿತು ಅವನಿಗೆ. ಕೇಳಲು ಮುಖವಿರಲಿಲ್ಲ.

ಸೋಮವಾರ ಅವನು ರಘುರಾಮನ ಮುಂದೆ ನಿಂತು ನಿಜ ಹೇಳಿದ. ಅವಳು ಮಾವಶಿ ಅಲ್ಲ, ನನ್ನ ಹೆತ್ತವಳು. ನಡೆದದ್ದು ಒಂದೇ ಹರಕೆಗೆ, ಮಾರಿದ್ದು ಹನ್ನೊಂದು ಹೆಸರಿಗೆ. ರಘುರಾಮ ಬೈಯಲಿಲ್ಲ. ಗಂಟಿನಲ್ಲಿ ಉಳಿದಿದ್ದ ಕೊನೆಯ ರೊಟ್ಟಿಯನ್ನು ತಿನ್ನುತ್ತಿದ್ದವನು ತಲೆಗೆ ಕೈಹಚ್ಚಿದ.

"ಎಂತ ಮಾರಾಯ ನೀನು. ಅಮ್ಮ ಅಂತ ಮೊದಲೇ ಹೇಳುವುದಲ್ವಾ? ಕೂಲಿ ಮಾಡುವ ತಾಯಿ, ಮಗನ ಜೀವಕ್ಕೆ ಹೊತ್ತ ಹರಕೆ! ಅದನ್ನೇ ಸೈಟಿಗೆ ಹಾಕ್ತಿದ್ದೆವು. ಹನ್ನೊಂದಲ್ಲ, ನೂರ ಹನ್ನೊಂದು ಹೋಗ್ತಿತ್ತು."

ಯಾವುದನ್ನು ನಾಲ್ಕು ವರ್ಷ ಮುಚ್ಚಿಟ್ಟಿದ್ದನೋ ಅದೇ ಆ ಅಂಗಡಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಿಕರಿಯಾಗುವ ಸರಕು ಎಂದು ಕೇಳಿ ದತ್ತುವಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ವಾರಿಯ ಪುಟವನ್ನು ತಾನೇ ಅಳಿಸಿದ. ಹತ್ತು ಮಂದಿಗೆ ಮೇಲ್ ಬರೆದ. ಜ್ಯೋತ್ಸ್ನಾಗೆ ಬರೆಯಲು ಮೂರು ಸಲ ಕೂತ, ಮೂರು ಸಲವೂ ಹಾಸಿಗೆಯ ಮೇಲಿನ ಮುದುಕಿ ಕಣ್ಣ ಮುಂದೆ ಬಂದು ಎದ್ದುಬಿಟ್ಟ. ಫೆಬ್ರವರಿಯಲ್ಲಿ ಆ ಕೆಲಸ ಬಿಟ್ಟು ಹಡಪಸರದ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಗುಮಾಸ್ತನಾದ.

ಆಷಾಢ ಬಂತು. ತಾಯಿ ಮಗ ಇಬ್ಬರೂ ಆಳಂದಿಯಿಂದ ಹೊರಟರು. ಮೊದಲ ಮುಂಜಾನೆ ಅವ್ವಮ್ಮ ಕೈ ಮುಗಿದು "ಉಮಾವತಿ" ಎಂದಳು. ದತ್ತು ಕಿಸೆಯಿಂದ ಚೀಟಿ ತೆಗೆದು, ಅದರಲ್ಲಿದ್ದ ಹ್ಯೂಸ್ಟನ್ನಿನವರ ಹೆಸರನ್ನು ಓದಿದ. ಅವರು ಮೇಲ್‌ಗೆ ಉತ್ತರ ಬರೆದಿದ್ದರು, ದುಡ್ಡು ಬೇಡ, ನಡೆಯಿರಿ ಎಂದಿದ್ದರು. ಹದಿನೇಳು ವರ್ಷ ಈ ದಾರಿಯಲ್ಲಿ ಅವ್ವ ದಿನ ಬೆಳಗಾದರೆ ದೇವರಿಗೆ ತನ್ನ ಹೆಸರು ಹೇಳುತ್ತಿದ್ದಳು. ಈ ವರ್ಷ ಆ ಹೆಸರನ್ನು ಹೇಳುವವರು ಯಾರೂ ಇಲ್ಲ ಎಂದು ಅವನಿಗೆ ಆಗ ತಿಳಿಯಿತು. ಅವ್ವನ ಹೆಸರನ್ನಂತೂ ಯಾರೂ ಎಂದೂ ಹೇಳಿರಲಿಲ್ಲ. ಹೇಳೋಣವೆಂದರೆ ಮಾರಿದ ಹೆಸರುಗಳು ಮುಗಿಯುವ ತನಕ ಅವಳ ಸರದಿ ಬರುವಂತಿರಲಿಲ್ಲ.

ದಿವೆ ಘಾಟಿ ಹತ್ತುವಾಗ ಪಂಢರಿನಾಥ ಹಿಂದೆ ಬಿದ್ದು ಅವ್ವಮ್ಮನ ಜೊತೆ ಹೆಜ್ಜೆ ಹಾಕಿದ. ಅವನಿಗೂ ವಯಸ್ಸಾಗಿತ್ತು, ವೀಣೆ ಈಗ ಬೇರೆಯವರ ಹೆಗಲಿಗೆ ಹೋಗಿತ್ತು.

"ಕೊರಳ ಬರೇ ಅದ ಅಲ್ಲ ಅವ್ವಮ್ಮ?"

"ತೆಗದಿಟ್ಟೀನ್ರಿ. ಸುಳ್ಳ ಹೇಳೀನಿ."

ಮುದುಕ ನಾಲ್ಕು ಹೆಜ್ಜೆ ನಡೆದ. "ಈ ವರ್ಷನೂ ಮಗನ ಹೆಸರಿಲೇ ನಡದಿಯೇನು?"

ಎರಡು ಹೆಜ್ಜೆ ಹಿಂದೆ ಇದ್ದ ದತ್ತುವಿಗೆ ಮಾತು ಕೇಳಿಸಿತು. ಸುತ್ತ ದಿಂಡಿಯ ಜನರೆಲ್ಲ ಇದ್ದರು.

"ಇಲ್ರಿ. ಉಮಾವತಿ ಅಂತ ಒಬ್ಬಾಕಿ. ಕ್ಯಾಂಪಿನಾಕಿ."

"ಮತ್ತ ಮಗ?"

"ಅಂವಂದು ಅಂವ ನಡಿಲಕತ್ತಾನ ರೀ" ಎಂದಳು ಅವ್ವಮ್ಮ, ತಿರುಗಿ ನೋಡದೆ. "ಹಿಂದ ಬರಲಕತ್ತಾನ ನೋಡ್ರಿ. ನನ್ನ ಮಗ."

ಪಂಢರಿನಾಥ ತಿರುಗಿ ನೋಡಿದ. ದಿಂಡಿಯ ಹೆಂಗಸರು ನೋಡಿದರು. ಎರಡು ವರ್ಷದ ಹಿಂದೆ ಕ್ಯಾಮೆರಾ ಹಿಡಿದು ನಿಂತ ತಿರುವು ಅದೇ. ಆಗ ಅವಳು ಇದೇ ಮಾತನ್ನು ಎರಡು ಸಲ ಹೇಳಿದ್ದಳು, ಅವನು ಕೇಳಿಸಿಕೊಂಡಿರಲಿಲ್ಲ. ತಲೆ ಎತ್ತಲಾಗದೆ ದತ್ತು ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ತೆಗೆದ.

"ಯವ್ವಾ" ಎಂದು ಕರೆದ, ಎಲ್ಲರಿಗೂ ಕೇಳುವಂತೆ. "ನೀರ ಕುಡಿ."

ಅವಳು ನಿಂತು, ಬಾಟಲಿ ತೆಗೆದುಕೊಂಡು ಕುಡಿದಳು. ಸಾಸವಡ ಇನ್ನೂ ದೂರವಿತ್ತು.